ಅಂಕಪಟ್ಟಿಯ ಒಂದು ‘ಸಿ’ ಮತ್ತು ರೆಸಿಡೆನ್ಸಿಯ ಬಾಗಿಲು

(ಅಮೆರಿಕದಲ್ಲಿ ವೈದ್ಯಕೀಯ ವೃತ್ತಿಗಳ ಶಿಕ್ಷಣ ಪಡೆಯುತ್ತಿರುವ ಕನ್ನಡದ ವಿದ್ಯಾರ್ಥಿಗಳು ಮತ್ತು ಪೋಷಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಸಂಘಟಕರು ನನಗೆ ಕೊಟ್ಟ ವಿಷಯ ‘ಪೋಡಿಯಾಟ್ರಿ ಓದಿನ ಅನುಭವ’ ಎಂಬ ವಿಶಾಲವಾದ ವಿಷಯ. ಆದರೆ ಇಲ್ಲಿ ಕುಳಿತಿರುವ ಕೆಲವು ವಿದ್ಯಾರ್ಥಿಗಳು ಮುಂಚಿತವಾಗಿಯೇ ಬರೆದು ಕಳುಹಿಸಿದ್ದ ಪ್ರಶ್ನೆಗಳನ್ನು ಓದಿದಾಗ, ಅವುಗಳಲ್ಲಿ ಬಹುಪಾಲು ಒಂದೇ ಕಡೆಗೆ ಬೊಟ್ಟು ಮಾಡುತ್ತಿದ್ದವು: ಒಂದು ವಿಷಯದಲ್ಲಿ ಗ್ರೇಡ್ ಕೆಟ್ಟಿದೆ, ರೆಸಿಡೆನ್ಸಿಗೆ ಅರ್ಜಿ ಹಾಕುವ ಕಾಲ ಹತ್ತಿರ ಬರುತ್ತಿದೆ, ಇನ್ನು ಮುಂದೇನು? ನಾನೂ ಒಂದು ಕಾಲದಲ್ಲಿ ಇದೇ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದವನು. ಈಗ ಮೇಜಿನ ಆಚೆ ಬದಿಯಲ್ಲಿ ಕುಳಿತು ಅರ್ಜಿಗಳನ್ನು ಓದುವವರಲ್ಲಿಯೂ ಒಬ್ಬ. ಆದ್ದರಿಂದ ಇವತ್ತು ಈ ಒಂದು ಪ್ರಶ್ನೆಯನ್ನೇ ಹಿಡಿದು ಮಾತನಾಡುತ್ತೇನೆ.

ಪೋಷಕರಿಗಾಗಿ ಮೊದಲು ಸ್ವಲ್ಪ ಹಿನ್ನೆಲೆ. ಪೋಡಿಯಾಟ್ರಿ ಎಂದರೆ ಪಾದ ಮತ್ತು ಕಣಕಾಲಿನ ವೈದ್ಯಕೀಯ ಹಾಗೂ ಶಸ್ತ್ರಚಿಕಿತ್ಸೆ. ಇಲ್ಲಿ ಪದವಿ ಮುಗಿಸಿದ ಮೇಲೆ ನಾಲ್ಕು ವರ್ಷ ಓದಿ ಡಿ.ಪಿ.ಎಂ. (ಡಾಕ್ಟರ್ ಆಫ್ ಪೋಡಿಯಾಟ್ರಿಕ್ ಮೆಡಿಸಿನ್) ಪಡೆಯಬೇಕು, ಆಮೇಲೆ ಆಸ್ಪತ್ರೆಯಲ್ಲಿ ಮೂರು ವರ್ಷದ ರೆಸಿಡೆನ್ಸಿ ಎಂಬ ತರಬೇತಿ. ಇಡೀ ದೇಶದಲ್ಲಿ ಈ ಪದವಿ ಕೊಡುವ ಕಾಲೇಜುಗಳು ಬೆರಳೆಣಿಕೆಯಷ್ಟು, ಹನ್ನೊಂದರ ಆಸುಪಾಸು; ಷಿಕಾಗೋ, ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾದ ಕಾಲೇಜುಗಳ ಮೂಲ 1910ರ ದಶಕದಲ್ಲಿದೆ. ಭಾರತದಲ್ಲಿ ಇಂಥ ಪ್ರತ್ಯೇಕ ಪದವಿಯ ಪರಂಪರೆ ಇಲ್ಲದ ಕಾರಣ, ಕಾಲಿನ ಹುಣ್ಣು ಸರ್ಜನ್ನರ ಬಳಿಗೂ ಮುರಿದ ಎಲುಬು ಆರ್ಥೋಪೆಡಿಕ್ ವೈದ್ಯರ ಬಳಿಗೂ ಹೋಗುತ್ತದೆ. ಮಗ ಏನು ಓದುತ್ತಿದ್ದಾನೆ ಎಂದು ಊರಿನಲ್ಲಿ ವಿವರಿಸುವುದೇ ತಂದೆತಾಯಿಗೆ ಒಂದು ಕೆಲಸವಾಗುತ್ತದೆ. ನಮ್ಮ ಮನೆಯಲ್ಲಂತೂ ‘ಬರೀ ಕಾಲು ನೋಡೋ ಡಾಕ್ಟರಾ?’ ಎಂಬ ಪ್ರಶ್ನೆಗೆ ನಮ್ಮ ತಾಯಿ ಉತ್ತರ ಹೇಳಿ ಹೇಳಿ ಸಾಕಾಗಿ, ಕೊನೆಗೆ ‘ಹೌದು, ಎರಡೂ ಕಾಲು’ ಎನ್ನುತ್ತಿದ್ದರು. ಹಾಗೆಂದು ಈ ವಿದ್ಯೆಗೂ ನಮ್ಮ ನೆಲಕ್ಕೂ ಸಂಬಂಧವೇ ಇಲ್ಲವೆಂದಲ್ಲ. ಸ್ಪರ್ಶಜ್ಞಾನ ಕಳೆದುಕೊಂಡ ಪಾದಕ್ಕೆ ಹುಣ್ಣು ಯಾಕೆ ಆಗುತ್ತದೆ, ಒತ್ತಡ ಎಲ್ಲಿ ಬೀಳುತ್ತದೆ ಎಂಬುದನ್ನು ಪಾಲ್ ಬ್ರ್ಯಾಂಡ್ ಎಂಬ ಸರ್ಜನ್ ಕಂಡುಕೊಂಡದ್ದು ವೆಲ್ಲೂರಿನ ಕುಷ್ಠರೋಗಿಗಳ ನಡುವೆ ಕೆಲಸ ಮಾಡುತ್ತ. 1960ರ ದಶಕದಲ್ಲಿ ಅವರು ಆ ತಿಳಿವಳಿಕೆಯನ್ನು ಲೂಸಿಯಾನಾಕ್ಕೆ ತಂದರು. ಇವತ್ತು ಸಕ್ಕರೆ ಕಾಯಿಲೆಯವರ ಪಾದಕ್ಕೆ ನಾವು ಮಾಡುವ ಚಿಕಿತ್ಸೆಯ ಒಂದು ಮುಖ್ಯ ಭಾಗ ಅಲ್ಲಿಂದ ಬಂದದ್ದು.

ರೆಸಿಡೆನ್ಸಿಯ ಭಯ ಯಾಕೆ ಇಷ್ಟು ದೊಡ್ಡದು? ಬಹುತೇಕ ರಾಜ್ಯಗಳಲ್ಲಿ ರೆಸಿಡೆನ್ಸಿ ಇಲ್ಲದೆ ವೃತ್ತಿಯ ಪರವಾನಗಿ ಇಲ್ಲ. ನಾಲ್ಕು ವರ್ಷದ ಸಾಲ ತಲೆಯ ಮೇಲಿರುತ್ತದೆ, ಕೈಯಲ್ಲಿ ಪದವಿ ಇರುತ್ತದೆ, ಆದರೆ ಒಬ್ಬ ರೋಗಿಯನ್ನೂ ಸ್ವತಂತ್ರವಾಗಿ ನೋಡುವಂತಿಲ್ಲ. 2013ರ ಸುಮಾರಿಗೆ ಪದವೀಧರರಿಗಿಂತ ಸ್ಥಾನಗಳು ಕಡಿಮೆಯಾಗಿ, ಕಷ್ಟಪಟ್ಟು ಓದಿದವರಲ್ಲಿಯೂ ಕೆಲವರು ಹೊರಗುಳಿದರು. ಆ ವರ್ಷಗಳ ಹೆದರಿಕೆ ಹಿರಿಯರಿಂದ ಕಿರಿಯರಿಗೆ ಆಸ್ತಿಯಂತೆ ಇಳಿದು ಬಂದಿದೆ. ಈಚಿನ ವರ್ಷಗಳಲ್ಲಿ ಪರಿಸ್ಥಿತಿ ತಿರುಗಿದ್ದು, ಅರ್ಜಿದಾರರಿಗಿಂತ ಸ್ಥಾನಗಳೇ ಹೆಚ್ಚಾಗಿವೆ. ಹಾಗಾಗಿ ಒಂದು ಕೆಟ್ಟ ಗ್ರೇಡಿನಿಂದ ‘ನನಗೆ ಎಲ್ಲಿಯೂ ಜಾಗ ಸಿಗುವುದಿಲ್ಲ’ ಎಂಬ ತೀರ್ಮಾನಕ್ಕೆ ಬರುವವರಿಗೆ ನಾನು ಮೊದಲು ಹೇಳುವುದು: ಪ್ರಶ್ನೆ ಇರುವುದು ಎಲ್ಲಿಯಾದರೂ ಸಿಗುತ್ತದೆಯೇ ಎಂಬುದರಲ್ಲಿ ಅಲ್ಲ, ನಿಮಗೆ ಬೇಕಾದ ತರಬೇತಿ ಇರುವ ಕಡೆ ಸಿಗುತ್ತದೆಯೇ ಎಂಬುದರಲ್ಲಿ. ಒಳ್ಳೆಯ ಕಾರ್ಯಕ್ರಮಕ್ಕೂ ಸಾಧಾರಣ ಕಾರ್ಯಕ್ರಮಕ್ಕೂ ಇರುವ ಅಂತರ ದೊಡ್ಡದು. ಮೂರು ವರ್ಷದಲ್ಲಿ ಕೈಗೆ ಬರುವ ಶಸ್ತ್ರಚಿಕಿತ್ಸೆಗಳ ಬಗೆ ಮತ್ತು ಸಂಖ್ಯೆ ಮುಂದಿನ ಮೂವತ್ತು ವರ್ಷದ ವೃತ್ತಿಯನ್ನು ರೂಪಿಸುತ್ತದೆ.

ನನ್ನ ವಿಷಯಕ್ಕೆ ಬರುತ್ತೇನೆ. ಮೈಸೂರಿನಲ್ಲಿ ಪಿಯುಸಿ ಮುಗಿಸಿ ಇಲ್ಲಿಗೆ ಬಂದವನು ನಾನು. ಡಿ.ಪಿ.ಎಂ. ಓದಿನ ಎರಡನೆಯ ವರ್ಷದ ಕೊನೆಯಲ್ಲಿ ಬಯೋಮೆಕ್ಯಾನಿಕ್ಸ್ ವಿಷಯದಲ್ಲಿ ನನಗೆ ‘ಸಿ’ ಬಂತು. ಬೇರೆ ಯಾವ ವಿಷಯವಾಗಿದ್ದರೂ ಇಷ್ಟು ಕುಗ್ಗುತ್ತಿರಲಿಲ್ಲವೇನೋ. ಮನುಷ್ಯ ಹೇಗೆ ನಡೆಯುತ್ತಾನೆ, ಹಿಮ್ಮಡಿ ನೆಲಕ್ಕೆ ತಾಗಿದ ಕ್ಷಣದಿಂದ ಹೆಬ್ಬೆರಳು ನೆಲ ಬಿಡುವವರೆಗೆ 26 ಎಲುಬುಗಳ ಈ ಯಂತ್ರದಲ್ಲಿ ಏನೇನು ಆಗುತ್ತದೆ ಎಂಬುದೇ ನಮ್ಮ ವೃತ್ತಿಯ ತಾಯಿಬೇರು. ಹೃದ್ರೋಗ ತಜ್ಞನಾಗಲು ಹೊರಟವನಿಗೆ ರಕ್ತ ಪರಿಚಲನೆಯಲ್ಲಿ ‘ಸಿ’ ಬಂದಂತೆ ಅದು.

ಹತ್ತು ದಿನ ನಾನು ಯಾರಿಗೂ ಹೇಳಲಿಲ್ಲ. ಆ ಹತ್ತು ದಿನ ತಲೆಯಲ್ಲಿ ಓಡುತ್ತಿದ್ದದ್ದು ಸಿಇಟಿ ಕಾಲದ ಲೆಕ್ಕ. ನಮ್ಮ ಕಡೆಯ ಹುಡುಗರಿಗೆ ಇದನ್ನು ವಿವರಿಸಬೇಕಾಗಿಲ್ಲ: ಒಂದೆರಡು ಅಂಕ ಹೋದರೆ ರ‍್ಯಾಂಕ್ ನೂರಾರು ಸ್ಥಾನ ಕೆಳಗೆ ಜಾರುತ್ತದೆ, ಆ ರ‍್ಯಾಂಕಿಗೆ ಒಂದು ಕಾಲೇಜು, ಆ ಕಾಲೇಜಿಗೆ ಒಂದು ಬದುಕು. ಇಡೀ ರಾಜ್ಯ ಒಂದೇ ಸಾಲಿನಲ್ಲಿ ನಿಂತಿರುತ್ತದೆ, ನಿಮ್ಮ ಮುಂದೆ ಎಷ್ಟು ಜನ ಎಂಬುದೊಂದೇ ಪ್ರಶ್ನೆ. ಇಲ್ಲಿನ ರೆಸಿಡೆನ್ಸಿ ಆಯ್ಕೆಯಲ್ಲಿ ಮೇಲ್ನೋಟಕ್ಕೆ ಇದಕ್ಕೆ ಹತ್ತಿರವಾದ ಒಂದು ಅಂಶ ಇದೆ. ನಾವು ಆಪ್ಷನ್ ಎಂಟ್ರಿಯಲ್ಲಿ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ತುಂಬುತ್ತಿದ್ದಂತೆ ಇಲ್ಲಿಯೂ ಆಸ್ಪತ್ರೆಗಳ ಕ್ರಮಪಟ್ಟಿ ಕೊಡುತ್ತೇವೆ. ಆದರೆ ಅಲ್ಲಿ ಕಾಲೇಜಿಗೆ ನಿಮ್ಮ ಮುಖ ಗೊತ್ತಿರುವುದಿಲ್ಲ. ಇಲ್ಲಿ ಆಸ್ಪತ್ರೆಯೂ ತನಗೆ ಬೇಕಾದವರ ಕ್ರಮಪಟ್ಟಿ ಕೊಡುತ್ತದೆ, ಎರಡೂ ಪಟ್ಟಿಗಳನ್ನು ಕಂಪ್ಯೂಟರ್ ಹೊಂದಿಸುತ್ತದೆ. ಆ ಎರಡನೆಯ ಪಟ್ಟಿಯನ್ನು ಬರೆಯುವವರು ಮನುಷ್ಯರು, ಮತ್ತು ಅವರು ನಿಮ್ಮನ್ನು ಒಂದು ತಿಂಗಳು ಹತ್ತಿರದಿಂದ ನೋಡಿರುವ ಸಾಧ್ಯತೆ ಇದೆ. ಸಿಇಟಿಯ ತಲೆಯಿಂದ ಈ ವ್ಯವಸ್ಥೆಯನ್ನು ನೋಡಿದವರು ಕೆಟ್ಟ ಗ್ರೇಡ್ ಬಂದಾಗ ಎರಡು ತಪ್ಪು ಮಾಡುತ್ತಾರೆ: ಅಂಕಪಟ್ಟಿಯನ್ನು ಇರುವುದಕ್ಕಿಂತ ದೊಡ್ಡದು ಮಾಡಿಕೊಳ್ಳುತ್ತಾರೆ, ಎಕ್ಸ್‌ಟರ್ನ್‌ಶಿಪ್ಪಿನ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡಿ ತೋರಿಸುವ ಆ ತಿಂಗಳನ್ನು ಇರುವುದಕ್ಕಿಂತ ಚಿಕ್ಕದು ಮಾಡಿಕೊಳ್ಳುತ್ತಾರೆ.

ಗಾಬರಿಯಾದವನು ಲೆಕ್ಕ ಮಾಡುವುದಿಲ್ಲ. ಆದ್ದರಿಂದ ಲೆಕ್ಕವನ್ನು ಇಲ್ಲಿಯೇ ಮಾಡಿಬಿಡೋಣ. ‘ಎ’ಗೆ 4, ‘ಬಿ’ಗೆ 3, ‘ಸಿ’ಗೆ 2 ಅಂಕ; ಪ್ರತಿ ವಿಷಯದ ತೂಕ, ಅಂದರೆ ಕ್ರೆಡಿಟ್, ಲೆಕ್ಕಕ್ಕೆ ಹಿಡಿದು ತೆಗೆದ ಸರಾಸರಿಯೇ ಜಿಪಿಎ. 60 ಕ್ರೆಡಿಟ್ ಮುಗಿಸಿ 3.4 ಜಿಪಿಎ ಇರುವ ವಿದ್ಯಾರ್ಥಿಗೆ 5 ಕ್ರೆಡಿಟ್‌ನ ವಿಷಯದಲ್ಲಿ ‘ಸಿ’ ಬಂದರೆ ಜಿಪಿಎ 3.29 ಆಗುತ್ತದೆ. ಅದೇ ವಿಷಯದಲ್ಲಿ ‘ಬಿ’ ಬಂದಿದ್ದರೆ 3.37 ಇರುತ್ತಿತ್ತು. ವ್ಯತ್ಯಾಸ 0.08. ಮುಂದಿನ 40 ಕ್ರೆಡಿಟ್‌ಗಳಲ್ಲಿ ಸರಾಸರಿ 3.7 ತೆಗೆದರೆ ಒಟ್ಟು 3.45ಕ್ಕೆ ಏರುತ್ತದೆ. ಈ ವಿದ್ಯಾರ್ಥಿ ನಿದ್ದೆಗೆಡುವ ಅಗತ್ಯವಿಲ್ಲ. ಆದರೆ 60 ಕ್ರೆಡಿಟ್‌ಗೆ 3.05 ಇದ್ದವನಿಗೆ ಅದೇ ‘ಸಿ’ ಬಂದರೆ 2.97ಕ್ಕೆ ಇಳಿಯುತ್ತದೆ. ಅರ್ಜಿದಾರರಿಗೆ ಕನಿಷ್ಠ ಜಿಪಿಎ ನಿಗದಿಪಡಿಸುವ ಕಾರ್ಯಕ್ರಮಗಳಿವೆ, 3.0 ಎಂಬ ಗೆರೆ ಅಪರೂಪವಲ್ಲ. ಈ ಗೆರೆಯ ಕೆಳಗೆ ಬಿದ್ದವನ ಅರ್ಜಿಯನ್ನು ಅಂಥ ಕಡೆ ಯಾರೂ ಬಿಚ್ಚಿ ಓದದಿರಬಹುದು. ಹೀಗೆ ಅದೇ ಗ್ರೇಡ್ ಒಬ್ಬನಿಗೆ ಗೀರು, ಇನ್ನೊಬ್ಬನಿಗೆ ಗಾಯ. ಸಮಾಧಾನ ಹೇಳಲು ಬರುವ ಸ್ನೇಹಿತರು ‘ಗ್ರೇಡ್ ಯಾರೂ ನೋಡಲ್ಲ ಬಿಡು’ ಎನ್ನುತ್ತಾರೆ. ನಾವು ನೋಡುತ್ತೇವೆ. ತರಗತಿಯಲ್ಲಿ ನಿಮ್ಮ ಸ್ಥಾನವೂ ನಮ್ಮ ಕಣ್ಣಿಗೆ ಬೀಳುತ್ತದೆ. ನೀವು ಇವರಿಬ್ಬರಲ್ಲಿ ಯಾರು ಎಂಬುದನ್ನು ಕಾಗದದ ಮೇಲೆ ಬರೆದು ತಿಳಿದುಕೊಳ್ಳುವುದು ಮೊದಲ ಕೆಲಸ, ಏಕೆಂದರೆ ಮುಂದಿನ ಎಲ್ಲ ನಿರ್ಧಾರಗಳೂ ಅದರ ಮೇಲೆ ನಿಲ್ಲುತ್ತವೆ.

ಎರಡನೆಯ ಕೆಲಸ ಪ್ರೊಫೆಸರರ ಬಳಿಗೆ ಹೋಗುವುದು. ಗ್ರೇಡ್ ಬದಲಿಸಿ ಎಂದು ಬೇಡುವುದಕ್ಕಲ್ಲ. ಅಂಕ ಕೂಡುವುದರಲ್ಲಿ ತಪ್ಪಾಗಿದ್ದರೆ ಕೇಳುವ ಹಕ್ಕು ನಿಮಗಿದೆ, ಅದಕ್ಕೆ ಕಾಲೇಜಿನಲ್ಲಿ ಕ್ರಮವೂ ಗಡುವೂ ಇರುತ್ತವೆ. ಆ ಗಡುವು ಸಾಮಾನ್ಯವಾಗಿ ಚಿಕ್ಕದು, ನನ್ನ ಹಾಗೆ ಹತ್ತು ದಿನ ಮುಸುಕು ಹೊದ್ದು ಮಲಗಿದವರಿಗೆ ಸಿಗುವುದಿಲ್ಲ. ಆದರೆ ನಿಜವಾಗಿ ಕೇಳಬೇಕಾದದ್ದು ‘ನನ್ನ ಉತ್ತರಪತ್ರಿಕೆ ತೋರಿಸಿ’ ಎಂದು. ನಾನು ಹೋದಾಗ ಅವರು ಪರೀಕ್ಷೆಯನ್ನು ತೆರೆದು, ನಾನು ತಪ್ಪು ಉತ್ತರ ಬರೆದ ಪ್ರಶ್ನೆಗಳನ್ನಷ್ಟೇ ಒಂದರ ಕೆಳಗೊಂದು ಇಟ್ಟರು. ನನ್ನ ನಂಬಿಕೆ ಏನಿತ್ತೆಂದರೆ ನಾನು ಕಡಿಮೆ ಓದಿದ್ದೇನೆ ಎಂದು. ಅಲ್ಲಿ ಕಂಡದ್ದೇ ಬೇರೆ. ಕೋನಗಳು, ಅಳತೆಗಳು, ಹೆಸರುಗಳು, ಅಂದರೆ ಬಾಯಿಪಾಠ ಮಾಡಬಹುದಾದದ್ದೆಲ್ಲ ಸರಿಯಾಗಿತ್ತು. ತಪ್ಪಿದ್ದೆಲ್ಲ ‘ಇದು ಕೆಟ್ಟರೆ ಅಲ್ಲಿ ಏನಾಗುತ್ತದೆ’ ಎಂಬ ಮಾದರಿಯ ಪ್ರಶ್ನೆಗಳು. ಇನ್ನೂ ಹೆಚ್ಚು ಗಂಟೆ ಓದಿದ್ದರೆ ನಾನು ಇನ್ನಷ್ಟು ಬಾಯಿಪಾಠ ಮಾಡುತ್ತಿದ್ದೆ, ಅಷ್ಟೆ. ‘ಮುಂದಿನ ಸಲ ಜಾಸ್ತಿ ಓದುತ್ತೇನೆ’ ಎಂಬ ಸಂಕಲ್ಪದಿಂದ ಬಹಳ ಮಂದಿಗೆ ಪ್ರಯೋಜನವಾಗದಿರುವುದಕ್ಕೆ ಇದೇ ಕಾರಣವೆಂದು ನನ್ನ ಅನಿಸಿಕೆ.

ಕಾರಣ ಓದಿನ ಹೊರಗೆ ಇರುವುದೂ ಉಂಟು: ಕಾಯಿಲೆ, ನಿದ್ದೆಯಿಲ್ಲದ ತಿಂಗಳುಗಳು, ಮನೆಯಲ್ಲಿ ಸಾವು. ನನಗೆ ಗೊತ್ತಿದ್ದ ಕಿರಿಯನೊಬ್ಬ ತಂದೆಯ ಅಂತ್ಯಕ್ರಿಯೆ ಮುಗಿಸಿ ಊರಿನಿಂದ ಬಂದ ಮೂರನೆಯ ದಿನ ಪರೀಕ್ಷೆಗೆ ಕುಳಿತ. ಯಾರೂ ಅವನನ್ನು ಬಲವಂತ ಮಾಡಿರಲಿಲ್ಲ. ಮುಂದೂಡಬಹುದೇ ಎಂದು ಅವನು ಕೇಳಿಯೇ ಇರಲಿಲ್ಲ. ಇಂಥ ಸಂದರ್ಭಗಳಲ್ಲಿ ವಿದ್ಯಾರ್ಥಿಗಳ ಡೀನ್ ಕಚೇರಿಗೆ ಪರೀಕ್ಷೆಗೆ ಮೊದಲು ಹೇಳಿದರೆ ದಾರಿಗಳಿರುತ್ತವೆ, ಗ್ರೇಡ್ ಬಂದ ಮೇಲೆ ಹೇಳಿದರೆ ಅದು ವಿವರಣೆ ಮಾತ್ರವಾಗುತ್ತದೆ. ಮನಸ್ಸು ಹಿಡಿತಕ್ಕೆ ಸಿಗದಿದ್ದರೆ ಕಾಲೇಜಿನ ಆಪ್ತಸಮಾಲೋಚಕರ ಬಳಿ ಹೋಗಿ. ಇದನ್ನು ಪೋಷಕರ ಎದುರಿಗೇ ಹೇಳುತ್ತಿದ್ದೇನೆ.

ನನ್ನ ಬಯೋಮೆಕ್ಯಾನಿಕ್ಸ್ ದುರಸ್ತಿಯಾದದ್ದು ಆ ಬೇಸಿಗೆಯಲ್ಲಿ, ಮೈಸೂರಿನಲ್ಲಿ, ಸೋದರತ್ತೆಯ ಅಡುಗೆಮನೆಯಲ್ಲಿ. ಅವರಿಗೆ ಎರಡು ವರ್ಷದಿಂದ ಎಡಗಾಲಿನ ಒಳಬದಿಯಲ್ಲಿ ನೋವು, ಪಾದ ದಿನೇ ದಿನೇ ಚಪ್ಪಟೆಯಾಗುತ್ತ ಬಂದಿತ್ತು. ಹಿಂದಿನಿಂದ ನೋಡಿದರೆ ಬಲಗಾಲಿನಲ್ಲಿ ಕಿರುಬೆರಳಷ್ಟೇ ಕಾಣುತ್ತಿತ್ತು, ಎಡಗಾಲಿನಲ್ಲಿ ಮೂರು ಬೆರಳು ಹೊರಗೆ ಇಣುಕುತ್ತಿದ್ದವು. ನಾನು ಅವರಿಗೆ ಕಟ್ಟೆ ಹಿಡಿದುಕೊಂಡು ಬಲಗಾಲು ಎತ್ತಿ, ಎಡಗಾಲಿನ ತುದಿಯ ಮೇಲೆ ನಿಲ್ಲಲು ಹೇಳಿದೆ. ‘ಇದೇನೋ ಭರತನಾಟ್ಯ’ ಎಂದು ನಗುತ್ತ ಅತ್ತೆ ಪ್ರಯತ್ನಿಸಿದರು. ಮೈ ಮುಂದಕ್ಕೆ ವಾಲಿತು, ಮಂಡಿ ಬಾಗಿತು, ಕೈ ಕಟ್ಟೆಯನ್ನು ಒತ್ತಿತು. ಹಿಮ್ಮಡಿ ಮಾತ್ರ ನೆಲ ಬಿಡಲಿಲ್ಲ. ಬಲಗಾಲಿನಲ್ಲಿ ಮಾಡಿದಾಗ ಹಿಮ್ಮಡಿ ಎದ್ದಿತು, ಏಳುತ್ತ ಒಳಕ್ಕೆ ತಿರುಗಿತು. ಪುಸ್ತಕದಲ್ಲಿ ಈ ಪರೀಕ್ಷೆಯ ಹೆಸರು ನನಗೆ ಗೊತ್ತಿತ್ತು. ಟಿಬಿಯಾಲಿಸ್ ಪೋಸ್ಟೀರಿಯರ್ ಎಂಬ ಸ್ನಾಯುರಜ್ಜು ಸೋತ ಪಾದವನ್ನು 1989ರಲ್ಲಿ ಜಾನ್ಸನ್ ಮತ್ತು ಸ್ಟ್ರಾಮ್ ಮೂರು ಹಂತಗಳಾಗಿ ವಿಂಗಡಿಸಿದ್ದೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು, ಹಿಮ್ಮಡಿಯನ್ನು ಎತ್ತುವ ದೊಡ್ಡ ಸ್ನಾಯು ಮೀನಖಂಡದಲ್ಲಿ ಆರೋಗ್ಯವಾಗಿಯೇ ಇರುವಾಗ ಹಿಮ್ಮಡಿ ಯಾಕೆ ಏಳಲಿಲ್ಲ ಎಂಬುದು.

ಅಡುಗೆಮನೆಯ ನೆಲದ ಮೇಲೆ ಕುಳಿತು ಅದನ್ನು ಬಿಡಿಸಿದೆ. ಹೆಜ್ಜೆ ಇಟ್ಟಾಗ ಪಾದ ಸಡಿಲವಾಗಬೇಕು, ನೆಲದ ಏರುತಗ್ಗಿಗೆ ಹೊಂದಿಕೊಳ್ಳಬೇಕು; ಹೆಜ್ಜೆ ಎತ್ತುವಾಗ ಅದೇ ಪಾದ ಗಟ್ಟಿಯಾಗಬೇಕು, ಸನ್ನೆಗೋಲಿನ ಹಾಗೆ. ಹಿಮ್ಮಡಿಯ ಎಲುಬನ್ನು ಒಳಕ್ಕೆ ತಿರುಗಿಸಿ, ಪಾದದ ನಡುವಿನ ಮಿಡ್‌ಟಾರ್ಸಲ್ ಕೀಲಿಗೆ ಬೀಗ ಹಾಕಿಸುವುದು ಟಿಬಿಯಾಲಿಸ್ ಪೋಸ್ಟೀರಿಯರ್‌ನ ಕೆಲಸ. ಅದು ಸೋತರೆ ಬೀಗ ಬೀಳುವುದಿಲ್ಲ. ಆಗ ಮೀನಖಂಡ ಎಷ್ಟು ಎಳೆದರೂ, ನಡುವೆ ಬಾಗುವ ಕೋಲಿನಿಂದ ಕಲ್ಲು ಮೀಟಿದ ಹಾಗೆ, ಬಲವೆಲ್ಲ ಬಾಗುವುದರಲ್ಲಿಯೇ ಕಳೆದುಹೋಗುತ್ತದೆ. ಪರೀಕ್ಷೆಯಲ್ಲಿ ನಾನು ತಪ್ಪು ಉತ್ತರ ಬರೆದಿದ್ದ ಪ್ರಶ್ನೆಗಳಲ್ಲಿ ಅರ್ಧದಷ್ಟು ಈ ಒಂದು ಬೀಗದ ಸುತ್ತಲೇ ತಿರುಗುತ್ತಿದ್ದವು. ಅತ್ತೆಗೆ ನಾನು ಚಿಕಿತ್ಸೆ ಹೇಳುವ ಸ್ಥಿತಿಯಲ್ಲಿರಲಿಲ್ಲ, ಹೇಳಲೂ ಇಲ್ಲ. ಆರ್ಥೋಪೆಡಿಕ್ ವೈದ್ಯರ ಬಳಿ ಕರೆದುಕೊಂಡು ಹೋದೆ. ಅವರು ಕೊಟ್ಟ ಕಣಕಾಲಿನ ಪಟ್ಟಿಯನ್ನು ಅತ್ತೆ ದೇವರಮನೆಯ ಬಾಗಿಲಲ್ಲಿ ಬಿಚ್ಚಿಟ್ಟು ಒಳಗೆ ಹೋಗುತ್ತಿದ್ದರು.

ಇನ್ನೊಂದು ಸಣ್ಣ ಉಪಾಯ, ಇಲ್ಲಿನ ಮೊದಲ ವರ್ಷದವರಿಗಾಗಿ. ಕಣಕಾಲಿನ ಒಳಬದಿಯ ಉಬ್ಬಿದ ಎಲುಬಿನ ಹಿಂದೆ ಮುಂದಿನಿಂದ ಹಿಂದಕ್ಕೆ ಆರು ವಸ್ತುಗಳು ಸಾಲಾಗಿವೆ: ಟಿಬಿಯಾಲಿಸ್ ಪೋಸ್ಟೀರಿಯರ್, ಫ್ಲೆಕ್ಸರ್ ಡಿಜಿಟೋರಂ, ಆರ್ಟರಿ, ವೇನ್, ನರ್ವ್, ಫ್ಲೆಕ್ಸರ್ ಹ್ಯಾಲುಸಿಸ್. ಇಂಗ್ಲಿಷಿನಲ್ಲಿ ಇದಕ್ಕೊಂದು ಪ್ರಸಿದ್ಧ ವಾಕ್ಯ ಇದೆ, ಅದು ನನ್ನ ತಲೆಯಲ್ಲಿ ನಿಲ್ಲಲಿಲ್ಲ. ಟಿ, ಡಿ, ಎ, ವಿ, ಎನ್, ಎಚ್ ಅಕ್ಷರಗಳಿಗೆ ‘ತಾತ ದಿನಾ ಅಂಗಳದಲ್ಲಿ ವಿರಾಮವಾಗಿ ನಡೆದು ಹೋದ’ ಎಂದು ಮಾಡಿಕೊಂಡ ಮೇಲೆ ಮರೆತದ್ದಿಲ್ಲ. ಅತ್ತೆಯ ಕಾಲಿನಲ್ಲಿ ಸೋತದ್ದು ಈ ತಾತನೇ.

ದುರಸ್ತಿಗೆ ಎರಡು ಗಡುವುಗಳಿವೆ ಎಂಬುದನ್ನು ಮರೆಯಬೇಡಿ. ರಾಷ್ಟ್ರೀಯ ಪರವಾನಗಿ ಪರೀಕ್ಷೆಯ ಮೊದಲ ಭಾಗ ಎರಡನೆಯ ವರ್ಷ ಮುಗಿದೊಡನೆ ಬರುತ್ತದೆ: ಅಂಗರಚನೆ, ಕಾಲಿನ ಅಂಗರಚನೆ, ಜೀವರಸಾಯನ, ಶರೀರಕ್ರಿಯೆ, ಸೂಕ್ಷ್ಮಜೀವಿಶಾಸ್ತ್ರ, ರೋಗಶಾಸ್ತ್ರ, ಔಷಧಶಾಸ್ತ್ರ. ಬಯೋಮೆಕ್ಯಾನಿಕ್ಸ್, ಶಸ್ತ್ರಚಿಕಿತ್ಸೆ, ರೇಡಿಯಾಲಜಿ ಬರುವುದು ಎರಡನೆಯ ಭಾಗದಲ್ಲಿ. ಒಂದು ‘ಸಿ’ಯ ದುಃಖದಲ್ಲಿ ಮುಳುಗಿ ಮೊದಲ ಭಾಗದಲ್ಲಿ ಎಡವಿದವರನ್ನು ನೋಡಿದ್ದೇನೆ. ಆಯ್ಕೆ ಸಮಿತಿಯಲ್ಲಿ ಕುಳಿತವನಾಗಿ ಹೇಳುತ್ತೇನೆ, ‘ಸಿ’ಯನ್ನು ಕಂಡು ನಾವು ಪುಟ ತಿರುಗಿಸುತ್ತೇವೆ, ಪರವಾನಗಿ ಪರೀಕ್ಷೆಯ ಸೋಲನ್ನು ಕಂಡರೆ ಪುಟ ತಿರುಗಿಸುವ ಕೈ ನಿಲ್ಲುತ್ತದೆ, ಅದರ ಪರಿಣಾಮ ರೆಸಿಡೆನ್ಸಿಯ ಒಳಗೂ ಹಿಂಬಾಲಿಸಬಹುದು ಎಂಬ ಅಳುಕು ನಮಗಿರುತ್ತದೆ.

ಈಗ ಎಕ್ಸ್‌ಟರ್ನ್‌ಶಿಪ್. ನಾಲ್ಕನೆಯ ವರ್ಷದಲ್ಲಿ ವಿದ್ಯಾರ್ಥಿ ತಿಂಗಳಿಗೊಂದು ಆಸ್ಪತ್ರೆಯಂತೆ ಹಲವು ಕಡೆ ಹೋಗಿ ಅಲ್ಲಿನ ರೆಸಿಡೆಂಟ್‌ಗಳ ಜೊತೆ ಕೆಲಸ ಮಾಡುತ್ತಾನೆ. ನಮ್ಮ ವೃತ್ತಿ ಚಿಕ್ಕದು. ಹೆಚ್ಚಿನ ಕಡೆ ಆಯ್ಕೆಯಾಗುವವರು ಅಲ್ಲಿ ತಿಂಗಳು ಕಳೆದವರೇ. ಗ್ರೇಡ್ ಸ್ವಲ್ಪ ಹಿಂದಿರುವವರು ಈ ತಿಂಗಳುಗಳನ್ನು ಹಂಚುವಾಗ ಲೆಕ್ಕಾಚಾರ ಇಟ್ಟುಕೊಳ್ಳಬೇಕು: ಕಾರ್ಯಕ್ರಮದ ಕನಿಷ್ಠ ಜಿಪಿಎ ಓದಿ ನೋಡಿ, ಅನುಮಾನವಿದ್ದರೆ ಸಂಯೋಜಕರಿಗೆ ಎರಡು ಸಾಲಿನ ವಿನಯದ ಪತ್ರ ಬರೆಯಿರಿ, ಆಸೆಯ ದೊಡ್ಡ ಆಸ್ಪತ್ರೆಗೆ ಒಂದೆರಡು ತಿಂಗಳು ಇಟ್ಟು, ಉಳಿದದ್ದನ್ನು ನಿಮ್ಮನ್ನು ನಿಜವಾಗಿ ಪರಿಗಣಿಸುವ ಕಡೆ ಹಾಕಿ. ಹೆಸರು ಕೇಳಿ ಆರಿಸಬೇಡಿ. ಅಲ್ಲಿ ಈಗ ರೆಸಿಡೆಂಟ್ ಆಗಿರುವ ನಿಮ್ಮ ಕಾಲೇಜಿನ ಹಿರಿಯರಿಗೆ ಫೋನ್ ಮಾಡಿ, ಮೊದಲ ವರ್ಷದವರ ಕೈಗೆ ಎಷ್ಟು ಶಸ್ತ್ರಚಿಕಿತ್ಸೆ ಬರುತ್ತದೆ ಎಂದು ಕೇಳಿ.

ಆ ತಿಂಗಳಲ್ಲಿ ಏನು ಮಾಡಬೇಕೆಂದು ಎಲ್ಲರೂ ಕೇಳುತ್ತಾರೆ, ಉತ್ತರ ಕೇಳಿ ನಿರಾಶರಾಗುತ್ತಾರೆ. ಬೆಳಿಗ್ಗೆ ಐದಕ್ಕೆ ರೌಂಡ್ಸ್ ಇದ್ದರೆ ನಾಲ್ಕೂವರೆಗೆ ರೋಗಿಗಳ ಹಿಂದಿನ ರಾತ್ರಿಯ ಜ್ವರ, ಲ್ಯಾಬ್ ವರದಿ ನೋಡಿಕೊಂಡಿರಬೇಕು. ಕೋಟಿನ ಜೇಬಿನಲ್ಲಿ ಕತ್ತರಿ, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ, ಟೇಪು ಇರಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು. ನನ್ನ ಮೂರನೆಯ ತಿಂಗಳಿನಲ್ಲಿ ಹಿರಿಯ ಸರ್ಜನ್ ಒಬ್ಬರು, ಪಾದ ಮೇಲಕ್ಕೆ ಮಡಚದ ರೋಗಿಯಲ್ಲಿ ಬಿಗಿತ ಯಾವ ಸ್ನಾಯುವಿನದು ಎಂದು ಹೇಗೆ ತಿಳಿಯುತ್ತೀಯ ಎಂದು ಕೇಳಿದರು. ಸಿಲ್ಫರ್‌ಶೋಲ್ಡ್ ಪರೀಕ್ಷೆ ಎಂದೆ, ಹೆಸರು ಸರಿ. ಆದರೆ ವಿವರಣೆಯನ್ನು ತಿರುವುಮುರುವು ಹೇಳಿದೆ. ಅವರು ಏನೂ ಅನ್ನದೆ ಮುಂದೆ ಹೋದರು. ಆ ರಾತ್ರಿ ಅದನ್ನು ಕಲಿತು, ಮರುದಿನ ಕ್ಲಿನಿಕ್ಕಿನಲ್ಲಿ ಅವರ ಅನುಮತಿ ಪಡೆದು ಇಬ್ಬರು ರೋಗಿಗಳ ಮೇಲೆ ಮಾಡಿ, ಮಂಡಿ ನೇರ ಮಾಡಿದಾಗ ಎಷ್ಟು ಡಿಗ್ರಿ, ಮಡಚಿದಾಗ ಎಷ್ಟು ಡಿಗ್ರಿ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಮಂಡಿ ಮಡಚಿದಾಗ ಪಾದ ಸಲೀಸಾಗಿ ಮೇಲೆ ಬಂದರೆ ಬಿಗಿತ ಗ್ಯಾಸ್ಟ್ರಾಕ್ನೀಮಿಯಸ್‌ನದು, ಏಕೆಂದರೆ ಮೀನಖಂಡದ ಎರಡು ದೊಡ್ಡ ಸ್ನಾಯುಗಳಲ್ಲಿ ಅದೊಂದೇ ಮಂಡಿಯ ಮೇಲಿನಿಂದ ಹೊರಡುವುದು. ಅವರು ನನಗೆ ಕೊಟ್ಟ ಶಿಫಾರಸು ಪತ್ರದಲ್ಲಿ ಈ ಚೀಟಿಯ ಪ್ರಸ್ತಾಪವಿತ್ತೆಂದು ಆಮೇಲೆ ತಿಳಿಯಿತು.

ಅರ್ಜಿಗಳೆಲ್ಲ ಕ್ಯಾಸ್ಪರ್ ಎಂಬ ಒಂದೇ ಕೇಂದ್ರದ ಮೂಲಕ ಶರತ್ಕಾಲದಲ್ಲಿ ಹೋಗುತ್ತವೆ. ಅಂಕಪಟ್ಟಿ, ಪತ್ರಗಳು, ಪರೀಕ್ಷೆಯ ಫಲಿತಾಂಶ ಎಲ್ಲ ಅದರಲ್ಲಿಯೇ. ಜನವರಿಯಲ್ಲಿ ಸಂದರ್ಶನ, ಮಾರ್ಚ್‌ನಲ್ಲಿ ಫಲಿತಾಂಶ. ಕೋವಿಡ್‌ಗೆ ಮೊದಲು ಈ ಸಂದರ್ಶನಗಳು ಡಲ್ಲಾಸ್ ಬಳಿಯ ಫ್ರಿಸ್ಕೊ ಊರಿನ ಹೋಟೆಲಿನಲ್ಲಿ ನಡೆಯುತ್ತಿದ್ದವು. ಉದ್ದನೆಯ ಓಣಿ, ಒಂದೊಂದು ಬಾಗಿಲ ಹೊರಗೂ ಕಪ್ಪು ಸೂಟು ಹಾಕಿಕೊಂಡು ಗಡಿಯಾರ ನೋಡುತ್ತ ನಿಂತ ವಿದ್ಯಾರ್ಥಿ. ನಮ್ಮ ಕಡೆಯ ವಧೂಪರೀಕ್ಷೆಯನ್ನು ಇಡೀ ದೇಶಕ್ಕೆ ಒಂದೇ ಛತ್ರದಲ್ಲಿ ಇಟ್ಟಂತೆ. ನನಗೆ ಎರಡನೆಯ ಕೋಣೆಯಲ್ಲಿಯೇ ಆ ಪ್ರಶ್ನೆ ಬಂತು: ‘ಉಳಿದದ್ದೆಲ್ಲ ಚೆನ್ನಾಗಿದೆ, ಬಯೋಮೆಕ್ಯಾನಿಕ್ಸ್‌ನಲ್ಲಿ ಏನಾಯಿತು?’ ನಾನು ಎರಡು ವಾಕ್ಯ ಸಿದ್ಧಮಾಡಿಕೊಂಡಿದ್ದೆ: ಬಾಯಿಪಾಠವನ್ನು ತಿಳಿವಳಿಕೆ ಎಂದು ತಪ್ಪು ತಿಳಿದಿದ್ದೆ, ಆ ಬೇಸಿಗೆಯಲ್ಲಿ ಮೊದಲಿನಿಂದ ಕಲಿತೆ. ಅಷ್ಟು ಹೇಳಿ ಸುಮ್ಮನಾದೆ. ಮೇಜಿನ ಆಚೆಯವರು ಚಪ್ಪಟೆ ಪಾದದ ಎಕ್ಸ್‌ರೇ ಒಂದನ್ನು ನನ್ನ ಮುಂದೆ ಸರಿಸಿ, ‘ಹಾಗಾದರೆ ಇದನ್ನು ಹೇಳು’ ಎಂದರು. ಕಣಕಾಲಿನ ಟಾಲಸ್ ಎಲುಬಿನ ಗೆರೆ, ಹೆಬ್ಬೆರಳಿನ ಹಿಂದಿನ ಎಲುಬಾದ ಮೊದಲ ಮೆಟಾಟಾರ್ಸಲ್ ಗೆರೆಗೆ ನೇರವಾಗಿ ಸೇರದೆ ಕೆಳಕ್ಕೆ ಮುರಿದಿತ್ತು. ನಾನು ಅತ್ತೆಯ ಅಡುಗೆಮನೆಯನ್ನು ನೆನೆದುಕೊಂಡು ಶುರುಮಾಡಿದೆ.

ಇದರಿಂದ ನಿಮಗೆ ಬೇಕಾದದ್ದು ಇಷ್ಟು. ಕೆಟ್ಟ ಗ್ರೇಡಿನ ಬಗ್ಗೆ ಉತ್ತರ ಚಿಕ್ಕದಾಗಿರಲಿ, ಪ್ರೊಫೆಸರರನ್ನು ದೂರಬೇಡಿ, ಆತ್ಮನಿವೇದನೆಯ ಪ್ರಬಂಧದಲ್ಲಿ ಅರ್ಧ ಪುಟ ಅದಕ್ಕೆ ಕೊಡಬೇಡಿ. ಮತ್ತು ‘ಕಲಿತೆ’ ಎಂದು ಹೇಳಿದ ಮೇಲೆ ಅದೇ ವಿಷಯದ ಮೇಲೆ ಪ್ರಶ್ನೆ ಬಂದೇ ಬರುತ್ತದೆ ಎಂದು ತಿಳಿದು ಒಳಗೆ ಹೋಗಿ. ನಾನು ಈಗ ಆಚೆ ಬದಿಯಲ್ಲಿ ಕುಳಿತಾಗ ಮಾಡುವುದೂ ಅದನ್ನೇ. ಎಲ್ಲದರಲ್ಲೂ ‘ಎ’ ಇರುವವರನ್ನು ಎಲ್ಲಿಂದ ಕೇಳಲು ಶುರುಮಾಡಬೇಕೆಂದು ತಿಳಿಯದೆ ನಾನು ತಡಕಾಡುವುದುಂಟು. ಒಂದು ಬಾಗಿಲು ಮಾತ್ರ ಮುಚ್ಚಿತು ಎಂಬುದನ್ನೂ ಹೇಳಿಬಿಡುತ್ತೇನೆ: ನನ್ನ ಮೊದಲ ಆಯ್ಕೆಯ ಆಸ್ಪತ್ರೆ ನನ್ನನ್ನು ಸಂದರ್ಶನಕ್ಕೇ ಕರೆಯಲಿಲ್ಲ. ಗ್ರೇಡ್ ಕಾರಣವೋ ಬೇರೇನೋ, ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮಾರ್ಚ್‌ನಲ್ಲಿ ನನಗೆ ಸಿಕ್ಕಿದ್ದು ನನ್ನ ಪಟ್ಟಿಯ ಎರಡನೆಯ ಹೆಸರು, ನಾನು ಚೀಟಿ ತೋರಿಸಿದ್ದ ಆ ಸರ್ಜನ್ ಇದ್ದ ಆಸ್ಪತ್ರೆ.

ಉಪನ್ಯಾಸದ ಕೊನೆಯಲ್ಲಿ ಹಿರಿಯರೊಬ್ಬರು, ‘ಮನೆಯಲ್ಲಿ ಹೇಗೆ ಹೇಳಿದಿರಿ?’ ಎಂದು ಕೇಳಿದರು. ಅದನ್ನು ಇಲ್ಲಿ ಸೇರಿಸುತ್ತಿದ್ದೇನೆ. ಹತ್ತನೆಯ ದಿನ ರಾತ್ರಿ ಅಪ್ಪನ ಫೋನ್ ಬಂದಾಗ ತಡೆಯಲಾಗದೆ ಹೇಳಿಬಿಟ್ಟೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪಾಸೋ ಫೇಲೋ?’ ಎಂದರು. ‘ಪಾಸು.’ ‘ಅದ್ಯಾವ ವಿಷಯ, ಏನು ಹೇಳ್ತಾರೆ ಅದ್ರಲ್ಲಿ?’ ಅಪ್ಪ ಬ್ಯಾಂಕಿನಲ್ಲಿ ಕೆಲಸ ಮಾಡಿದವರು. ಅವರಿಗೆ ಅರ್ಥವಾಗುವಂತೆ ಹೆಜ್ಜೆ ಹಾಕುವುದನ್ನು ಕನ್ನಡದಲ್ಲಿ ವಿವರಿಸಲು ಹೊರಟೆ. ಹಿಮ್ಮಡಿ ತಾಗುವುದು ಬಂತು, ಪಾದ ಸಡಿಲವಾಗುವುದು ಬಂತು. ‘ಸಡಿಲ ಆದದ್ದು ಮತ್ತೆ ಗಟ್ಟಿ ಆಗೋದು ಹೇಗೆ?’ ಎಂದು ಅವರು ಕೇಳಿದಾಗ ನನಗೆ ಪದ ಸಿಗಲಿಲ್ಲ. ಭಾಷೆಯ ತೊಂದರೆ ಎಂದುಕೊಂಡು ಮನಸ್ಸಿನಲ್ಲಿಯೇ ಇಂಗ್ಲಿಷಿನಲ್ಲಿ ಹೇಳಿ ನೋಡಿದೆ, ಅದರಲ್ಲೂ ಬರಲಿಲ್ಲ. ಫೋನ್ ಇಟ್ಟ ಮೇಲೆ ಅಪ್ಪನ ಪ್ರಶ್ನೆಯನ್ನು ಹಾಗೆಯೇ ಒಂದು ಹಾಳೆಯ ಮೇಲೆ ಬರೆದುಕೊಂಡೆ. ಮರುದಿನ ಬೆಳಿಗ್ಗೆ ಪ್ರೊಫೆಸರರ ಕೋಣೆಗೆ ಹೋದದ್ದು ಆ ಹಾಳೆಯನ್ನು ಹಿಡಿದುಕೊಂಡು.